ಪಾಯಿಂಟ್ ಹಂಚುವವಳು

ಅಡಾಜಣ್, ಸೂರತ್

ಚಿ. ವರ್ಷಿಣಿಗೆ ಆಶೀರ್ವಾದಗಳು.

ಈ ಹೋಟೆಲಿನ ಒಡತಿ, ನಿನ್ನ ಅಜ್ಜಿ ಗಿರಿಜಾ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರು ಒಲೆಗೆ, ಯಾರು ಗಲ್ಲಾಪೆಟ್ಟಿಗೆಗೆ ಎಂದು ಇವತ್ತಿಗೂ ಹೇಳುವವಳು ನಾನು. ಲೆಕ್ಕಪತ್ರ ಕಲಿಯಲೆಂದು ನಿನ್ನನ್ನು ವಡೋದರಕ್ಕೆ ಕಳಿಸಿದವಳೂ ನಾನೇ.

ರಜೆಯಲ್ಲಿ ನೀನು ಎರಡು ವಿಡಿಯೋ ಗೇಮ್ ತೋರಿಸಿದೆಯಲ್ಲ. ಮೊದಲನೆಯದರಲ್ಲಿ ಆಡುವವರು ಹೊರಗೆ ಕೂತು ಯೋಧನಿಗೆ ಪಾಯಿಂಟ್ ಹಂಚುತ್ತಾರೆ, ತೋಳಿಗಿಷ್ಟು, ಬುದ್ಧಿಗಿಷ್ಟು ಎಂದು. ಇನ್ನೊಂದರಲ್ಲಿ ಹಂಚುವವರೇ ಇಲ್ಲ. ಕತ್ತಿ ಬೀಸಿದಷ್ಟೂ ಅವನ ಕೈ ಪಳಗುತ್ತದೆ. ಮೊದಲನೆಯದೇ ಸರಿ ಎಂದು ನಾನು ಹೇಳಿದೆ. "ಅವನಿಗೇನಿಷ್ಟ ಅಂತ ಕೇಳೋದೇ ಬೇಡ್ವಾ ಅಜ್ಜಿ?" ಎಂದು ನೀನು ನಕ್ಕೆ.

ಆಮೇಲೆ ನಮ್ಮ ಅಡುಗೆಯ ಹಯವದನ ಭಟ್ಟರು ಊರಿಗೆ ಹೋದಾಗ, ನಾನು ಬೇಡವೆಂದರೂ ನೀನು ದೋಸೆ ಕಲ್ಲಿನ ಮುಂದೆ ನಿಂತೆ. ಮೊದಲು ಎಲ್ಲ ಹರಿದವು. ವಾರ ಕಳೆಯುವಷ್ಟರಲ್ಲಿ ಗಿರಾಕಿಗಳು ಎರಡನೆಯ ದೋಸೆ ಕೇಳಿ ತಿಂದರು. ನಾನೂ ತಿಂದೆ. ಹೊರಡುವಾಗ ನೀನು, "ಓದು ಮುಗಿದ ಮೇಲೆ ಇಲ್ಲೇ ನಿಲ್ಲಲಾ?" ಎಂದು ಕೇಳಿದೆ. ರೈಲಿಗೆ ಹೊತ್ತಾಯಿತು ಎಂದು ನಾನು ನಿನ್ನನ್ನು ಹೊರಡಿಸಿದೆ.

ನಮ್ಮಲ್ಲಿ ಹೆಂಗಸರು ಹೋಟೆಲಿನ ಒಲೆಗೆ ನಿಂತದ್ದಿಲ್ಲ ಎಂದು ನಿನ್ನ ಅಪ್ಪ ರಘುರಾಮ ಇನ್ನೂ ಗೊಣಗುತ್ತಿದ್ದಾನೆ. "ಇವಳ ಮಟ್ಟಿಗೆ ಎರಡನೆಯ ಆಟವೇ ಸರಿ, ಸುಮ್ಮನಿರು" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಪರೀಕ್ಷೆ ಚೆನ್ನಾಗಿ ಬರೆ, ಅರ್ಧಕ್ಕೆ ಬಿಟ್ಟು ಬರಬೇಡ. ಬೆರಳು ಸುಟ್ಟಲ್ಲಿಗೆ ಮುಲಾಮು ಹಚ್ಚುತ್ತಿರು. ಒಲೆಕಟ್ಟೆ ಭಟ್ಟರ ಎತ್ತರಕ್ಕಿತ್ತು, ನೀನು ತುದಿಗಾಲಲ್ಲಿ ನಿಂತು ಹುಯ್ಯುತ್ತಿದ್ದೆ. ನಿನ್ನೆ ಗಾರೆಯವರನ್ನು ಕರೆಸಿ ಅದನ್ನು ಒಡೆಸಿ, ನಿನ್ನ ಎತ್ತರಕ್ಕೆ ಇಳಿಸಿ ಕಟ್ಟಿಸಿದ್ದೇನೆ.

ನಿನ್ನ ಅಜ್ಜಿ,
ಗಿರಿಜಾ