ಬಚ್ಚಲೊಲೆ ಮೇಲಿದ್ದ ಲ್ಯಾಪ್‌ಟಾಪ್

ಪ್ರೀತಿಯ ಅತ್ತೇ,

ಹೋದ ವಾರ ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ನಾನು ತೀರಿಕೊಂಡು ವರ್ಷವಾದರೂ ಇವಳು ಬಿಡಲ್ವಲ್ಲ ಅಂತ ನಗಬೇಡಿ, ಪೂರ್ತಿ ಕೇಳಿ. ನಾನು ಬಿ.ಎಡ್. ಪಾಸಾದಾಗ ನೀವು ಶಿವಮೊಗ್ಗದಿಂದ ತರಿಸಿಕೊಟ್ಟ ಲ್ಯಾಪ್‌ಟಾಪ್ ಇದೆಯಲ್ಲ, ಅದರ ಫ್ಯಾನು ಆನ್ ಮಾಡಿದ ಕೂಡಲೇ ಹೊಯ್ಕೊಳ್ಳಲಿಕ್ಕೆ ಶುರು ಮಾಡಿದರೆ ಆಫ್ ಮಾಡುವವರೆಗೂ ನಿಲ್ಲುತ್ತಿರಲಿಲ್ಲ. ಗುರುವಾರ ಅದರಲ್ಲೇ ನಾನು ಒಂದು ಟ್ಯೂಷನ್ ಕಂಪನಿಯವರಿಗೆ ಗಣಿತದ ಪಾಠ ಮಾಡಿ ತೋರಿಸಬೇಕಿತ್ತು. ಅವರಿಗೆ ಹಿಡಿಸಿದರೆ ಮನೆಯಿಂದಲೇ ಆನ್‌ಲೈನ್ ಟೀಚರ್ ಕೆಲಸ. ಈ ಒಂಬತ್ತು ವರ್ಷದಲ್ಲಿ ನನ್ನನ್ನು ಕರೆದವರು ಅವರೊಬ್ಬರೇ. ಫೋನಿನಲ್ಲಿ ಆಗೋದಿಲ್ಲ ಅಂತ ಬೇರೆ ಹೇಳಿದ್ದರು.

ಸೋಮವಾರ ಗೆಳತಿ ಸುಮನಾಳನ್ನು ಆ ಕಡೆ ಕೂರಿಸಿಕೊಂಡು ಅಭ್ಯಾಸಕ್ಕೆ ಪಾಠ ಮಾಡಿದೆ. ಭಿನ್ನರಾಶಿ ಮುಗಿಯುವ ಮೊದಲೇ ಅವಳು, ಎಂತದೇ, ಹಿಟ್ಟಿನ ಗಿರಣಿಯಲ್ಲಿ ಕೂತಿದೀಯಾ ಅಂತ ಕೇಳಿದಳು. ನನ್ನ ದನಿಯೇ ಕೇಳುತ್ತಿರಲಿಲ್ಲವಂತೆ. ಅವತ್ತು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಆಮೇಲೆ ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಟ್ಟೆ. ಅಡಿಯಲ್ಲಿ ಗಾಳಿಯಾಡಲಿ ಅಂತ ಎರಡು ಮರದ ತುಂಡು ಕೊಟ್ಟೆ. ಬೇಡದ್ದೆಲ್ಲ ಮುಚ್ಚಿ, ಒಳಗೆ ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ನೋಡಿದರೆ ಅಂಥಾದ್ದೇನೂ ಇಲ್ಲ. ಆದರೂ ಅಡಿ ಮುಟ್ಟಿದರೆ ಕೈ ಸುಡುತ್ತಿತ್ತು. ನಿಮ್ಮ ಮಗ ಹೊಸದು ತರೋಣ ಅಂದರು. ನನಗೆ ಮನಸ್ಸು ಬರಲಿಲ್ಲ. ನೀವು ಕೊಟ್ಟದ್ದು ಅಂತ... ಇರಲಿ.

ಮಂಗಳವಾರ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ನಾಗೇಶನ ಮುಂದೆ ಕೂತಿದ್ದೆ. ಹಿಂದಿನ ಮುಚ್ಚಳ ಬಿಚ್ಚಿದವನು ಒಳಗನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಫ್ಯಾನಿನ ತುಂಬ ಕಪ್ಪು ಜಿಡ್ಡು, ಅದಕ್ಕೆ ಅಂಟಿದ ಧೂಳು. ಗಾಳಿ ಹೋಗಲಿಕ್ಕೆ ದಾರಿಯೇ ಇಲ್ಲ. ಇದನ್ನ ಒಲೆ ಮೇಲೆ ಇಟ್ಟಿದ್ರಾ ಅಕ್ಕಾ ಅಂತ ಕೇಳಿದ. ನನ್ನನ್ನೇನು ದಡ್ಡಿ ಅಂದ್ಕೊಂಡ್ಯಾ ಅನ್ನಲಿಕ್ಕೆ ಬಾಯಿ ತೆರೆದವಳಿಗೆ ನಮ್ಮ ಬಚ್ಚಲೊಲೆ ನೆನಪಾಯಿತು. ನಿಮ್ಮ ಮೇಲೆ ಸಿಟ್ಟು ಬಂದದ್ದು ಆಗಲೇ.

ನನಗೆ ಪುಟ್ಟಿ ಹುಟ್ಟಿದ ವರ್ಷದ ಮಳೆಗಾಲ ನೆನಪಿದೆಯಾ ನಿಮಗೆ? ಲ್ಯಾಪ್‌ಟಾಪ್ ಮೂಲೆಗೆ ಬಿದ್ದಿತ್ತು. ನೀವು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬಚ್ಚಲೊಲೆ ಮೇಲಿನ ಹಲಗೆಯಲ್ಲಿ, ಬೀಜದ ಗಂಟುಗಳ ಪಕ್ಕ ಇಟ್ಟುಬಿಟ್ಟಿರಿ. ಥಂಡಿಗೆ ಬೂಷ್ಟು ಹಿಡೀತದೆ ಅಂತ. ಅದೇನು ಸೌತೆಬೀಜವಾ ಮಾರಾಯ್ರೇ ಅಂತ ನಾನು ರೇಗಿದ್ದೆ. "ನಿಂಗೆ ಒಂದಿನ ಬೇಕಾಗ್ತದೆ. ಅಲ್ಲೇ ಇರಲಿ," ಅಂದಿರಿ. ಆಮೇಲೂ ಪ್ರತಿ ಮಳೆಗಾಲ, ನಾನು ಬೇಡ ಅಂದಷ್ಟೂ ಸಲ, ಅಲ್ಲೇ.

ನಾಗೇಶ ಫ್ಯಾನು ತಿರುಗದ ಹಾಗೆ ಕಡ್ಡಿ ಕೊಟ್ಟು ಹಿಡಿದು, ಬ್ರಷ್ಷಿನಲ್ಲಿ ಉಜ್ಜಿ, ಗಾಳಿ ಹೊಡೆದ. ಬಿಸಿ ಎಳೆಯಲಿಕ್ಕೆ ಚಿಪ್ ಮೇಲೆ ಹಚ್ಚಿರುವ ಪೇಸ್ಟ್ ಒಣಗಿತ್ತು, ಅದನ್ನು ಕೆರೆದು ಹೊಸದು ಹಚ್ಚಿದ. ಆಮೇಲೆ ಬೋರ್ಡನ್ನು ಬೆಳಕಿಗೆ ಹಿಡಿದು ಹೇಳಿದ: "ಮಸಿ ಹಿಡಿದದ್ದು ಹೌದು ಅಕ್ಕಾ. ಆದ್ರೆ ನಮ್ಮ ಕಡೆ ಇಷ್ಟು ಹಳೇದ್ರಲ್ಲಿ ಒಂಚೂರೂ ತುಕ್ಕಿಲ್ಲದ್ದು ನಾನು ಇದೊಂದೇ ನೋಡಿದ್ದು. ಯಾರೋ ಚೆನ್ನಾಗಿ ಕಾಪಾಡಿದ್ದಾರೆ."

ಮನೆಗೆ ವಾಪಸ್ ಬರುವಾಗ ಮೇಗುಂದದ ಬಸ್ಸಿನಲ್ಲಿ ಅದನ್ನು ತೊಡೆ ಮೇಲಿಟ್ಟುಕೊಂಡು ಕೂತಾಗ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಾನೇ ಮರೆತಿದ್ದ ನನ್ನ ಓದನ್ನು ನೀವು ಎಂಟು ಮಳೆಗಾಲ ಬೆಚ್ಚಗೆ ಇಟ್ಟಿದ್ದಿರಿ. ಇದ್ದಾಗ ಒಂದು ಸಲವಾದರೂ ಥ್ಯಾಂಕ್ಸ್ ಹೇಳಿದ್ದೆನಾ ನಾನು? ಈಗ ಹೇಳುತ್ತಿದ್ದೇನೆ, ತಗೊಳ್ಳಿ.

ಗುರುವಾರದ ಪಾಠ ಚೆನ್ನಾಗಿ ಆಯಿತು. ನಿನ್ನೆ ಅವರ ಫೋನೂ ಬಂತು. ಮನೆಗೆ ಬಂದವರಿಗೆಲ್ಲ ನೀವು ನನ್ನನ್ನು "ಇವಳು ಟೀಚರ್ರು" ಅಂತಲೇ ತೋರಿಸುತ್ತಿದ್ದಿರಿ. ಯಾಕೆ ಸುಳ್ಳು ಹೇಳ್ತೀರಿ ಅಂತ ನಾನು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಬರುವ ಸೋಮವಾರದಿಂದ ಅದು ಸುಳ್ಳಲ್ಲ ಅತ್ತೇ.

ನಿಮ್ಮ ಸೊಸೆ,
ವೀಣಾ