ಮೂಲೆಯ ತುತ್ತು

ಮನೆಯಿಂದ, ಅಡುಗೆಮನೆಯ ಮೇಜು
ಹದಿನಾರನೇ ತಾರೀಕು, ಗುರುವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಎಂಜಿನ್ ಹತ್ತಿ ಇಳಿದು ಮೊಣಕಾಲು ಹಿಡ್ಕೊಂಡಿದೆ ಅಂತ ಬರೆದಿದ್ದೆ, ಈಗ ವಾಸೀನಾ? ಬಿಸಿನೀರಿನ ಶಾಖ ಕೊಡ್ತಿದ್ದೀಯಾ? ಕೊಡಲ್ಲ, ನನಗೆ ಗೊತ್ತು. ನಿನ್ನ ಮೈಮೇಲೆ ನಿನಗೆ ಯಾವತ್ತು ನಿಗಾ ಇತ್ತು ಹೇಳು? ಅಲ್ಲಿಯ ಊಟ ಸಪ್ಪೆ ಅಂತಲೂ ಬರೆದಿದ್ದೀಯ. ಮೂವತ್ತೊಂದು ವರ್ಷ ಕಾರ್ಖಾನೆ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳು ಹೇಳ್ತಿದ್ದೀನಿ, ಕೇಳು: ನೂರಾರು ಜನಕ್ಕೆ ಬೇಯಿಸೋರು ಉಪ್ಪು ಒಂದು ಕೈ ಹಿಂದೇನೇ ಹಾಕ್ತಾರೆ. ಕಡಿಮೆಯಾದರೆ ಹಾಕ್ಕೋಬಹುದು, ಹೆಚ್ಚಾದರೆ ತೆಗೆಯೋಕಾಗುತ್ತಾ? ಬಾಯಿ ಬಿಟ್ಟು ಉಪ್ಪು ಕೇಳು. ಅಷ್ಟುದ್ದದ ರೈಲು ಓಡಿಸೋಕೆ ಕಲಿಯೋಳು, ಒಂದು ಚಿಟಿಕೆ ಉಪ್ಪು ಕೇಳೋಕೆ ನಾಚಿಕೋತೀಯಲ್ಲ, ಚೆನ್ನಾಗಿದೆ!

ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೀವಿ. ನಿನ್ನ ಗಂಡ ಬೆಳಗ್ಗೆ ಆರಕ್ಕೇ ಗಾಜಿನ ಹಾಳೆಗಳ ಜೊತೆ ಗಾಡಿ ಹತ್ತಿ ಹೋಗ್ತಾನೆ. ಈಗ ಯಾವುದೋ ಆಸ್ಪತ್ರೆಯ ಕಿಟಕಿಗಳಿಗೆಲ್ಲ ಗಾಜು ಕೂರಿಸ್ತಿದ್ದಾರಂತೆ. ಮಾತಂತೂ ಕೇಳಲೇಬೇಡ. ತಾನು ಬಾಯಿ ಬಿಟ್ಟರೆ ಎಲ್ಲಿ ಗಾಜು ಒಡೆದೀತೋ ಅನ್ನೋ ಹಾಗಿರ್ತಾನೆ. ಅವನ ಪಾಲಿನದನ್ನೂ ಸೇರಿಸಿ ನಿನ್ನ ಮಗಳು ಮಾತಾಡ್ತಾಳೆ. ಹುಟ್ಟಿದ ದಿನ ಆ ಸಣ್ಣ ರಾಗ ಕೇಳಿ ಪಿಟೀಲು ಅಂತ ಹೆಸರಿಟ್ಟವಳು ನಾನೇ ತಾನೆ, ಆರು ವರ್ಷ ತುಂಬಿದರೂ ಪಿಟೀಲು ಕುಯ್ಯೋದು ನಿಂತಿಲ್ಲ. ಮುಂದಿನ ಹಲ್ಲೊಂದು ಅಲ್ಲಾಡ್ತಿದೆ. ದಿನಕ್ಕೆ ಹತ್ತು ಸಲ ನನ್ನ ಬೆರಳು ಹಿಡಿದು ಮುಟ್ಟಿಸಿ ನೋಡಿಸ್ತಾಳೆ. ಅಮ್ಮ ರೈಲು ಓಡಿಸೋಕೆ ಕಲೀತಿದ್ದಾಳೆ ಅಂತ ತರಗತಿಯಲ್ಲಿ ಸಾರಿಬಿಟ್ಟಿದ್ದಾಳೆ. ಪಕ್ಕದಲ್ಲಿ ಕೂರೋ ಹುಡುಗನಿಗೆ ಎಂಜಿನ್ನಿನಲ್ಲೇ ಸೀಟು ಕೊಡಿಸ್ತೀನಿ ಅಂತ ಮಾತೂ ಕೊಟ್ಟಾಗಿದೆಯಂತೆ. ನೀನೇ ಸಂಭಾಳಿಸ್ಕೋ.

ಈಗ ವಿಷಯಕ್ಕೆ ಬರ್ತೀನಿ. ಫೋನಿನಲ್ಲಿ ಹೇಳೋಣ ಅಂದರೆ ಭಾನುವಾರ ಅದು ಪಿಟೀಲಿನ ಕೈಗೆ ಸಿಕ್ಕಿದ ಮೇಲೆ ನನ್ನ ಸರದಿ ಬರೋದೇ ಇಲ್ಲ. ಎರಡು ವಾರದ ಹಿಂದೆ ನಾನು ಬರೆದಿದ್ದೆನಲ್ಲ, ಮಗು ಸ್ಕೂಲಿಗೆ ಕಟ್ಟಿಕೊಟ್ಟಿದ್ದನ್ನ ಮುಟ್ಟೋದೇ ಇಲ್ಲ, ಸೊರಗಿ ಕಡ್ಡಿಯಾಗಿದ್ದಾಳೆ ಅಂತ. ಅದಕ್ಕೆ ನೀನು ಆರು ತಿಂಗಳ ತರಬೇತಿಯನ್ನ ಎರಡೇ ತಿಂಗಳಿಗೆ ಬಿಟ್ಟು ಬರ್ತೀನಿ ಅಂತ ಉತ್ತರ ಬರೆದು, ಬಿಡೋ ಅರ್ಜಿಯನ್ನೂ ಜೊತೆಗಿಟ್ಟು ಕಳಿಸಿದೆ. ಜಾಮೀನು ನಿಂತವನು ಗಂಡ, ಅವನ ಸಹಿ ಬೇಕು, ಹಾಕಿಸಿ ಬೇಗ ವಾಪಸ್ ಕಳಿಸಿ ಅಂದೆ. ಅವನು ಓದಿದ. ಒಂದು ದಿನವೆಲ್ಲ ಅದನ್ನ ಜೇಬಲ್ಲಿಟ್ಕೊಂಡು ಓಡಾಡಿದ. ಆಮೇಲೆ ಸಹಿ ಹಾಕಿ, ಅಂಚೆಗೆ ಹಾಕಮ್ಮ ಅಂತ ನನ್ನ ಕೈಗೆ ಕೊಟ್ಟ. ಅದರ ವಿಚಾರ ಆಮೇಲೆ. ಮೊದಲು ಡಬ್ಬಿಯ ಕಥೆ ಕೇಳು.

ಅದೇ ನೀಲಿ ಡಬ್ಬಿ, ಒಂದು ಕಡೆ ಕೊಂಡಿ ಮುರಿದು ರಬ್ಬರ್ ಬ್ಯಾಂಡ್ ಹಾಕಿರ್ತೀಯಲ್ಲ, ಅದು. ನೀನು ಹೋದ ಮಾರನೇ ದಿನ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡ್ತು. ಎಂಟುನೂರು ಕೆಲಸಗಾರರಿಗೆ ಬಡಿಸಿದ ಕೈ, ಅದಕ್ಕೆ ಗೊತ್ತಿರೋದು ಕಬ್ಬಿಣ ಎತ್ತೋರ ಹೊಟ್ಟೆಯ ಅಳತೆ. ಎರಡು ಮೊಟ್ಟೆ, ಮೂರು ಬೆಂದ ಆಲೂಗಡ್ಡೆ, ಬೆಣ್ಣೆ ಸವರಿದ ನಾಲ್ಕು ಬ್ರೆಡ್ಡು. ಮುಚ್ಚಳ ಕೂರಲಿಲ್ಲ, ಮೊಣಕೈ ಊರಿ ಕೂರಿಸಿದೆ. ಸಾಯಂಕಾಲ ಹಾಗೇ ವಾಪಸ್ ಬಂತು. ಸರಿ, ಅಳತೆ ತಪ್ಪಿತು ಅಂದ್ಕೊಂಡು ಕಡಿಮೆ ಮಾಡಿದೆ. ಹಾಗೇ ಬಂತು. ಕ್ಯಾರೆಟ್ಟನ್ನ ನಕ್ಷತ್ರ ಮಾಡಿ ಕತ್ತರಿಸಿದೆ, ಮೊಟ್ಟೆಗೆ ಮೆಣಸಿನ ಕಾಳಿನ ಕಣ್ಣಿಟ್ಟೆ. ನಕ್ಷತ್ರವೂ ಬಂತು, ಕಣ್ಣೂ ಬಂತು, ನನ್ನನ್ನೇ ನೋಡ್ತಾ ಬಂತು. ಬೆಳಗಿನ ತಿಂಡಿ, ರಾತ್ರಿಯ ಊಟಕ್ಕೆ ತಕರಾರಿಲ್ಲ, ಡಬ್ಬಿ ಮಾತ್ರ ಮುಟ್ಟಲ್ಲ. ಬಂದವಳೇ ಅದನ್ನ ಮೇಜಿನ ಮೇಲೆ ನಿನ್ನ ಕುರ್ಚಿಯ ಮುಂದೆ ಇಡ್ತಿದ್ದಳು, ದಿನಾ ಅಲ್ಲೇ. ನಾನು ಗೊಣಗಿಕೊಂಡು ಎತ್ತಿ ಚೆಲ್ತಿದ್ದೆ. ಚೆಲ್ಲಿದಾಗ ಜೋರಾಗಿ ಅಳೋಳು. ತಿನ್ನೋದೂ ಇಲ್ಲ, ಚೆಲ್ಲಿದರೆ ಅಳೋದು ಬೇರೆ, ಇದೆಂಥ ಹಟ ಅಂತ ನನಗೆ ರೇಗಿಹೋಗ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವಮಾನವೂ ಆಗಿತ್ತು. ಎಂಟುನೂರು ಜನ ಬೆರಳು ಚೀಪಿದ ಅಡುಗೆ, ಒಂದು ಗೇಣುದ್ದದ ಹುಡುಗಿಯ ಗಂಟಲಲ್ಲಿ ಇಳಿಯಲ್ಲ ಅಂದರೆ!

ಹೋದ ವಾರ ಅವಳ ಟೀಚರ್ ಚೀಟಿ ಕಳಿಸಿದರು, ಮಗು ಊಟದ ಹೊತ್ತಿನಲ್ಲಿ ಮುಚ್ಚಳ ತೆಗೆದು ನೋಡಿ ಮುಚ್ಚಿ ಇಡ್ತಾಳೆ ಅಂತ. ನೋಡೇಬಿಡೋಣ ಅಂತ ಸೋಮವಾರ ನಾನೇ ಹೋದೆ. ಜಗಲಿಯ ಕಂಬದ ಮರೆಯಲ್ಲಿ, ನೀರಿನ ನಲ್ಲಿ ಪಕ್ಕ, ಕಳ್ಳಿ ಹಾಗೆ ನಿಂತೆ. ಎಲ್ಲ ಮಕ್ಕಳೂ ಗಬಗಬ ತಿಂತಿದ್ದವು. ನಮ್ಮವಳು ಬ್ರೆಡ್ಡಿನ ತುಂಡು ಎತ್ತಿದಳು, ತಿರುಗಿಸಿ ನಾಲ್ಕೂ ಮೂಲೆ ನೋಡಿದಳು. ಇನ್ನೊಂದು ಎತ್ತಿದಳು, ಅದನ್ನೂ ನೋಡಿದಳು. ಬಗ್ಗಿ ಡಬ್ಬಿಯ ತಳ ನೋಡಿದಳು. ಆಮೇಲೆ ಜೋಪಾನವಾಗಿ ಎಲ್ಲ ವಾಪಸ್ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದಳು. ನನಗೆ ಮೈಯೆಲ್ಲ ಉರಿದುಹೋಯ್ತು ಕಣೇ. ಕ್ಯಾಂಟೀನಿಗೆ ತಪಾಸಣೆಗೆ ಬರೋ ಅಧಿಕಾರಿ ಕೂಡ ನನ್ನ ತಟ್ಟೆಯನ್ನ ಹಾಗೆ ನೋಡಿದ್ದಿಲ್ಲ. ನನ್ನ ಅಡುಗೆಯಲ್ಲಿ ಕೊಳೆ ಹುಡುಕ್ತಾಳಾ ಇವಳು!

ಸಾಯಂಕಾಲ ಅವಳನ್ನ ಅಡುಗೆಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಕೇಳಿದೆ ಅಂದರೆ ಬೈದೆ. ಮೊದಲು ಪಿಟೀಲು ಶುರುವಾಯ್ತು, ಹೊಟ್ಟೆನೋವು, ಹಲ್ಲುನೋವು, ಹಸಿವಿರಲಿಲ್ಲ, ಎಲ್ಲ ರಾಗವೂ ಬಂತು. ಕೊನೆಗೆ ತನ್ನ ಬೂಟು ನೋಡ್ಕೊಂಡು ಹೇಳಿದಳು, ಬ್ರೆಡ್ಡಲ್ಲಿ ಅಮ್ಮ ಕಚ್ಚಿದ ಮೂಲೆ ಇಲ್ಲ ಅಂತ.

ನಿನಗೆ ನೆನಪಿದೆಯಾ? ದಿನಾ ಬೆಳಗ್ಗೆ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಕೆಲಸಕ್ಕೆ ಹೊತ್ತಾಯ್ತು ಅಂತ ಒಂದು ಕೈಯಲ್ಲಿ ಜಡೆ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಅವಳ ಡಬ್ಬಿಯಿಂದ ಒಂದು ಬ್ರೆಡ್ಡೆತ್ತಿ ಮೂಲೆ ಕಚ್ಚಿ ಹಾಗೇ ಮುಚ್ಚಿಬಿಡ್ತಿದ್ದೆ. ನಾನು ನೋಡಿ ಮೂಗು ಮುರೀತಿದ್ದೆ. ಒಂದು ಸಲ ತಡೀಲಾರದೆ, ಮಗುವಿಗೆ ಎಂಜಲು ಕಟ್ಟಿಕೊಡ್ತೀಯಲ್ಲೇ ಅಂತ ಅಂದೂಬಿಟ್ಟಿದ್ದೆ. ನೀನು ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು ನಕ್ಕಿದ್ದೆ. ನಿನಗೆ ಅದು ಬೆಳಗಿನ ತಿಂಡಿ, ಅಷ್ಟೇ. ಮಗು ಏನಂದ್ಕೊಂಡಿತ್ತು ಗೊತ್ತಾ? ಮೂಲೆ ಇಲ್ಲ ಅಂದರೆ ಅಮ್ಮನ ಊಟ ಆಗಿದೆ ಅಂತ. ಆ ಕಚ್ಚಿದ ಜಾಗದಿಂದಲೇ ತಾನು ಶುರು ಮಾಡ್ತಿದ್ದಳಂತೆ. ಈಗ ನಾಲ್ಕು ಮೂಲೆಯೂ ನೆಟ್ಟಗಿದೆ, ಅಂದರೆ ಅಮ್ಮ ತಿಂದಿಲ್ಲ. ಅಮ್ಮ ತಿನ್ನದೆ ತಾನು ಹೇಗೆ ತಿನ್ನೋದು? ಅದಕ್ಕೇ ಹಾಗೇ ತಂದು ನಿನ್ನ ಕುರ್ಚಿಯ ಮುಂದೆ ಇಡ್ತಿದ್ದದ್ದು, ನೀನು ಬಂದರೆ ಇರಲಿ ಅಂತ. ಅದು ಸಾಲದು ಅಂತ ನೀನು ಬೇರೆ! ಭಾನುವಾರ ಫೋನಿನಲ್ಲಿ ಅವಳು ಮೊದಲು ಕೇಳೋದೇ ಊಟ ಆಯ್ತಾ ಅಂತ. ಇನ್ನೂ ಇಲ್ಲ ಕಂದಾ, ಆಮೇಲೆ ಮಾಡ್ತೀನಿ ಅಂತ ಎರಡು ಸಲ ಹೇಳಿದ್ದೀಯಂತೆ. ಲೆಕ್ಕ ಇಟ್ಕೊಂಡಿದ್ದಾಳೆ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅವಳ ಅಮ್ಮನ ಪಾಲಿನ ಊಟವನ್ನ ದಿನಾ ಅವಳ ಕಣ್ಣೆದುರಿಗೇ ಬಕೆಟ್ಟಿಗೆ ಚೆಲ್ಲಿದ್ದೀನಲ್ಲ! ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡೋದೇನಿದೆ. ಅವಳೇ ಕಟ್ಟೆಯಿಂದ ಇಳಿದು ಸೌಟು ಒರೆಸೋ ಬಟ್ಟೆ ತಂದು ನನ್ನ ಮುಖ ಒರೆಸಿದಳು.

ಈಗ ನನ್ನ ಪಾಡು ಕೇಳು. ಕ್ಯಾಂಟೀನಿನಲ್ಲಿ ನನ್ನದು ಒಂದೇ ಕಟ್ಟಪ್ಪಣೆ ಇತ್ತು, ಬಡಿಸೋ ಪದಾರ್ಥಕ್ಕೆ ಯಾರ ಬಾಯಿಯೂ ತಾಗಬಾರದು. ರುಚಿ ನೋಡೋದಾದರೂ ಅಂಗೈಗೆ ಹಾಕ್ಕೊಂಡು ನೋಡಿ, ಕೈ ತೊಳೀಬೇಕು. ನನ್ನಷ್ಟೇ ವಯಸ್ಸಿನ ಬಡಿಸೋಳೊಬ್ಬಳು ತಟ್ಟೆಯಿಂದ ಒಂದು ಸೌತೆಕಾಯಿ ಬಿಲ್ಲೆ ಬಾಯಿಗೆ ಹಾಕ್ಕೊಂಡಳು ಅಂತ ವಾರಗಟ್ಟಲೆ ಅವಳ ಜೊತೆ ಮಾತು ಬಿಟ್ಟವಳು ನಾನು. ಅಂಥವಳು ಮಂಗಳವಾರ ಬೆಳಗ್ಗೆ ಬ್ರೆಡ್ಡು ಕೈಯಲ್ಲಿ ಹಿಡ್ಕೊಂಡು ನಿಂತಿದ್ದೀನಿ. ಕೈ ಮೇಲೇಳಲ್ಲ. ಯಾರಾದರೂ ನೋಡ್ತಾರಾ ಅಂತ ಆ ಕಡೆ ಈ ಕಡೆ ನೋಡಿದೆ, ನನ್ನದೇ ಅಡುಗೆಮನೆಯಲ್ಲಿ! ಕಣ್ಣು ಮುಚ್ಚಿ ಕಚ್ಚಿಬಿಟ್ಟೆ. ಕಟ್ಟಿಸಿಕೊಂಡ ಹಲ್ಲು ತಾನೆ, ಅದು ಕತ್ತರಿಸಲ್ಲ, ಎಳೆಯುತ್ತೆ. ಪಿಟೀಲು ಅದನ್ನ ಬೆಳಕಿಗೆ ಹಿಡಿದು ನೋಡಿ, ಅಜ್ಜೀ, ಇಲಿ ಕಚ್ಚಿದ ಹಾಗಿದೆ ಅಂತ ಹೊಟ್ಟೆ ಹಿಡ್ಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು, ಇದು ನಿನ್ನ ಹೊಟ್ಟೆಗೆ ಹೋಯ್ತು, ಅಮ್ಮನ ಹೊಟ್ಟೆಗೇನು ಹೋಯ್ತು ಅಂತ. ನಾನು ಹೇಳಿದೆ, ಅಲ್ಲೂ ನನ್ನಂಥ ಒಬ್ಬಳು ಅಜ್ಜಿ ಅಡುಗೆ ಮಾಡ್ತಾಳೆ, ಬಾಗಿಲಲ್ಲೇ ನಿಂತಿರ್ತಾಳೆ, ತಿನ್ನದೆ ಯಾರನ್ನೂ ಎಂಜಿನ್ ಹತ್ತೋಕೆ ಬಿಡಲ್ಲ ಅಂತ. ಅಂಥ ಅಜ್ಜಿ ಇದ್ದಾಳೋ ಇಲ್ಲವೋ ನನಗೇನು ಗೊತ್ತು. ಅದನ್ನ ಸುಳ್ಳು ಮಾಡಬೇಡ, ಹೊತ್ತುಹೊತ್ತಿಗೆ ತಿನ್ನು. ಅವಳು ಯೋಚನೆ ಮಾಡಿ ತೀರ್ಪು ಕೊಟ್ಟಳು: ಎರಡು ಮೂಲೆ ಕಚ್ಚಬೇಕು, ಒಂದು ಅಜ್ಜಿಯದು, ಒಂದು ಅಮ್ಮನ ಪರವಾಗಿ. ಕಚ್ಚಿದೆ. ಮಂಗಳವಾರ ಡಬ್ಬಿ ಖಾಲಿ. ನಿನ್ನೆಯೂ ಖಾಲಿ. ಬೋರಲು ಹಾಕಿ ತಟ್ಟಿ ನೋಡಿದೆ, ಒಂದು ಚೂರೂ ಬೀಳಲಿಲ್ಲ.

ಇನ್ನೊಂದು ಮಾತಿದೆ, ಅದನ್ನ ಹೇಳದಿದ್ದರೆ ನನಗೆ ಅನ್ನ ಇಳಿಯಲ್ಲ. ಮಗು ಡಬ್ಬಿ ಮುಟ್ಟಲ್ಲ ಅಂತ ಬರೆದದ್ದು ನಿಜ. ಸೊರಗಿ ಕಡ್ಡಿಯಾಗಿದ್ದಾಳೆ ಅಂತ ಬರೆದದ್ದು ನಾನೇ ಸೇರಿಸಿದ್ದು. ಅವಳ ಕೆನ್ನೆ ನೋಡಿದರೆ ಯಾರೂ ಅದನ್ನ ನಂಬಲ್ಲ. ಯಾಕೆ ಸೇರಿಸಿದೆ? ನಿನ್ನ ಗಂಡ ನಾಲ್ಕು ವರ್ಷದವನಿದ್ದಾಗ, ದೊಡ್ಡ ಅಡುಗೆಮನೆ ನಡೆಸೋದು ಕಲಿತು ಬಾ ಅಂತ ಕಾರ್ಖಾನೆಯವರು ನನ್ನನ್ನ ಒಂದು ವರ್ಷಕ್ಕೆ ಆರಿಸಿದ್ದರು. ನಮ್ಮತ್ತೆ ಬೇಡ ಅನ್ನಲಿಲ್ಲ. ಮಗು ಸೊರಗಿಬಿಡುತ್ತೆ ಅಂತ ಒಂದು ಮಾತು ಅಂದರು. ನಾನು ಪೆಟ್ಟಿಗೆ ಬಿಚ್ಚಿ ಬಟ್ಟೆಯೆಲ್ಲ ವಾಪಸ್ ಮಡಿಸಿಟ್ಟೆ. ಇದನ್ನ ಇದುವರೆಗೆ ಯಾರಿಗೂ ಹೇಳಿಲ್ಲ. ನೀನು ಪೆಟ್ಟಿಗೆ ಹಿಡ್ಕೊಂಡು ಮೆಟ್ಟಿಲಿಳಿದ ದಿನ ನನಗೆ ಹೆಮ್ಮೆಯೂ ಆಯ್ತು, ಹೊಟ್ಟೆಯೂ ಉರೀತು. ಪೆನ್ನು ಹಿಡಿದಾಗ ಆ ಹೊಟ್ಟೆಯುರಿ ಬರೆಯಿತು. ತಪ್ಪಾಯ್ತು ಕಣೇ. ದೊಡ್ಡವಳು ಅಂತ ಸುಮ್ಮನಿರಬೇಡ, ಕೋಪ ಬಂದರೆ ಬೈದು ಬರಿ.

ಒಳ್ಳೇದಾಗಲಿ ಮಗಳೇ. ಮೊಣಕಾಲು ನೋಡ್ಕೋ. ನಿನ್ನ ಜೊತೆ ಕೋಣೆಯಲ್ಲಿರೋ ಆ ಉದ್ದ ಹುಡುಗಿಗೂ ಕೇಳಿದೆ ಅಂತ ಹೇಳು, ಅವಳಿಗೂ ಉಪ್ಪು ಕೊಡಿಸು. ಪಿಟೀಲಿನಿಂದ ನೂರು ಮುತ್ತು, ನಿನ್ನ ಗಂಡನಿಂದ ಎಂದಿನಂತೆ ಮೌನ.

ಇಂತಿ,
ನಿನ್ನ ಅತ್ತೆ

ತಾ.ಕ.: ಅಂಚೆ ಪೆಟ್ಟಿಗೆ ಬಿಚ್ಚೋ ಹೊತ್ತಾಯ್ತು, ಬೇಗ ಬೇಗ ಬರೀತಿದ್ದೀನಿ. ನಿನ್ನ ಅರ್ಜಿ ಇದರ ಜೊತೆಗೇ ಇದೆ. ಬಲಗಡೆ ಕೆಳಗಿನ ಮೂಲೆ ನೋಡು, ಸಹಿ ಇದ್ದ ಜಾಗ. ಇಲಿ ಅಂದ್ಕೋಬೇಡ, ನಾನೇ. ಕಾಗದ ಬ್ರೆಡ್ಡಿನ ಹಾಗಲ್ಲ, ಮೂರು ಸಲ ಎಳೀಬೇಕಾಯ್ತು. ಇವತ್ತು ಬೆಳಗ್ಗೆ ನಿನ್ನ ಗಂಡನಿಗೆ ತೋರಿಸಿದೆ, ನೀನು ಹೋದ ಮೇಲೆ ಅವನು ನಕ್ಕದ್ದು ಇದೇ ಮೊದಲು. ನಿನಗೇ ಬರಬೇಕು ಅನ್ನಿಸಿದರೆ ಇನ್ನೊಂದು ಕಳಿಸು, ಅವನು ಸಹಿ ಹಾಕ್ತಾನೆ, ನಾನೇ ಹೋಗಿ ಅಂಚೆಗೆ ಹಾಕ್ತೀನಿ. ಮಗು ಹಸಿದಿದೆ ಅಂತ ಮಾತ್ರ ಬರಬೇಡ. ಮೂಲೆ ಇಲ್ಲ ಅಂದರೆ ಮನೆಯಲ್ಲಿ ಎಲ್ಲರದೂ ಊಟ ಆಗಿದೆ ಅಂತ. ಇನ್ನು ನೀನು ತಿನ್ನು.