ಹೊರಸಿನ ನಾಲ್ಕನೇ ಕಾಲು

ಗೆಳೆಯ ಬಸವಂತನಿಗೆ,

ಇಜೇರಿಯಿಂದ ಈರಣ್ಣ ಬರೆಯುವುದೇನೆಂದರೆ, ನಿನ್ನ ಹೊರಸು, ಆ ಹಗ್ಗದ ಮಂಚ, ಇನ್ನೂ ನನ್ನ ಪಡಸಾಲೆಯಲ್ಲೇ ಇದೆ. ಎಂಟು ದಿನದಲ್ಲಿ ಹೊಸ ನುಲಿಹಗ್ಗ ಹೆಣೆದು ಕೊಡುತ್ತೇನೆಂದು ನಾನೇ ಒಯ್ದಿದ್ದೆ. ಐದನೇ ದಿನ ಎದೆ ಹಿಡಿದುಕೊಂಡು ನೀನೇ ಹೋಗಿಬಿಟ್ಟೆ. ಅಷ್ಟು ಅವಸರ ಏನಿತ್ತು? ಇದು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ನೋಡಿ ನಗಬೇಡ. ನಕ್ಕರೂ ನನಗೇನು ಕೇಳಿಸುತ್ತದೆ...

ಹೊರಸು ಒಯ್ಯಲು ಜೇವರ್ಗಿಯ ನಿನ್ನ ಟೈಪಿಂಗ್ ಶಾಲೆಗೆ ಬಂದ ಮಧ್ಯಾಹ್ನ ನೆನಪಿದೆಯೇ? ಹೊರಗೆ ತಲೆ ಸುಡುವ ಬಿಸಿಲು. ನೀನು ಕಿಟಕಿ ಮುಚ್ಚಿ, ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದೆ. ಕರಿ ಪರದೆಯ ತುಂಬ ಬಿಳಿ ಚುಕ್ಕಿ.

"ಏನ್ಲೇ ಇದು? ಪರದಿಗಿ ಸಿಡುಬು ಎದ್ದಾವೇನು?"

"ಆಕಾಶದ ಚುಕ್ಕಿ ಅದಾವ. ಪ್ರೋಗ್ರಾಮು ನಾನೇ ಬರ್ದೀನಿ. ಗಪ್ ಕೂಡು, ನಿನ್ನ ಕಸುಬಿಂದೇ ಒಂದು ತೋರಸ್ತೀನಿ."

ತೋರಿಸಿದ್ದು ಆಕಾಶದ ಹೊರಸು, ಓದಿದವರು ಸಪ್ತರ್ಷಿ ಅನ್ನುವುದು. ನಾಲ್ಕು ಕಾಲು, ಹಿಂದೆ ಮೂರು ಚುಕ್ಕಿಯ ಬಾಲ. ನಾವಿಬ್ಬರೂ ಸಣ್ಣವರಿದ್ದಾಗ ಮಾಳಿಗೆಯ ಮೇಲೆ ಮಲಗಿ ನೋಡಿದ್ದೇ ಅದು. ಆಮೇಲೆ ನೀನು ಒಂದು ಗುಂಡಿ ಒತ್ತಿ ಹಿಡಿದೆ. ಆಕಾಶವೇ ತಿರುಗಿತು ಬಸವಂತ, ಯಾರೋ ಹೊರಸನ್ನು ಪಕ್ಕದಿಂದ ನೋಡಿದ ಹಾಗೆ. ಮೂರು ಕಾಲು ಒಂದೆಡೆ ನಿಂತವು. ಧ್ರುವ ನಕ್ಷತ್ರದ ಕಡೆಯ ನಾಲ್ಕನೇ ಕಾಲು ಮಾತ್ರ ಸರಿಯುತ್ತಾ, ಸರಿಯುತ್ತಾ ಎಲ್ಲೋ ಹೋಗಿ ನಿಂತಿತು.

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮಷೀನಿಗಿ ತಲಿ ಕೆಟ್ಟದ. ಒಂದು ಕಾಲು ಊರ ಹೊರಗ ಇಟ್ಟು ಯಾವನು ಹೊರಸು ಮಾಡ್ತಾನ?"

"ಯಾವನೂ ಮಾಡಿಲ್ಲಲೇ. ನಾವು ನಿಂತ ಜಾಗದಿಂದ ಹಂಗ ಕಾಣ್ತದ, ಅಷ್ಟೇ. ಆ ಕಾಲು ಉಳಿದ ಮೂರಕ್ಕಿಂತ ಭಾಳ ಹಿಂದ ಅದ."

ಎಷ್ಟು ವರ್ಷ ಕತ್ತು ಎತ್ತಿ ನೋಡಿದ್ದೆ, ಅದು ಹೊರಸೇ ಅಲ್ಲವೆಂದು ಒಂದು ದಿನವೂ ಹೊಳೆದಿರಲಿಲ್ಲ. ಮೈಮೇಲೆ ಮುಳ್ಳು ಎದ್ದದ್ದನ್ನು ನಿನಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದೆಯಾ ನೀನು?

ಚಹಾ ತರಿಸಿದ ಮೇಲೆ ನೀನು ಆಟದ ವಿಷಯ ಬಿಚ್ಚಿದೆ. ಅಫಜಲಪುರದ ಒಬ್ಬ ಟೀಚರಮ್ಮ, ಸೋಲಾಪುರದ ಒಬ್ಬ ಗುಮಾಸ್ತ, ನೀನು. ಟಪಾಲಿನಲ್ಲೇ ಆಡುವ ಆಟ. ಆಕೆ ಹಡಗಿನ ಡಾಕ್ಟರು, ಆತ ಹಡಗು ನಡೆಸುವವನು, ನೀನು ಪಂಚ, ತೀರ್ಪು ಹೇಳುವವನು. ಅವರು ಮುಂದೇನು ಮಾಡುತ್ತೇವೆಂದು ಕಾರ್ಡು ಬರೆಯಬೇಕು, ಏನಾಯಿತೆಂದು ನೀನು ದಾಳ ಹಾಕಿ ತಿಳಿಸಬೇಕು. ಹಡಗು ಚುಕ್ಕಿಯಿಂದ ಚುಕ್ಕಿಗೆ ಜಿಗಿಯುತ್ತದೆ, ಒಂದು ಜಿಗಿತಕ್ಕೆ ಇಷ್ಟೇ ದೂರ ಎಂಬ ಕಟ್ಟಳೆ. ಈಗ ಮೂರು ಕಾಲಿನ ಹತ್ತಿರ ಬಂದು ನಿಂತಿದೆ, ನಾಲ್ಕನೇ ಕಾಲಿನಲ್ಲಿ ಜನ ಜಡ್ಡು ಬಿದ್ದಿದ್ದಾರೆ, ಔಷಧ ಮುಟ್ಟಿಸಬೇಕು. ನಡುವಿನ ಸಣ್ಣ ಚುಕ್ಕಿಗಳನ್ನು ಹಿಡಿದು ದಾರಿ ಹುಡುಕಿದರೆ ನಿನ್ನ ಪ್ರೋಗ್ರಾಮು ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು.

"ಹೆಂಗೂ ಸುಳ್ಳು ಹಡಗು," ಅಂದೆ ನಾನು. "ನಡುವ ಒಂದು ಸುಳ್ಳು ಚುಕ್ಕಿ ಇಟ್ಟು ಕಳಸು. ಯಾರು ಏಣಿ ಹಾಕಿ ನೋಡ್ತಾರ?"

ನೀನು ನಗಲಿಲ್ಲ. "ಹಡಗು ನಂದು, ಈರಣ್ಣ. ಚುಕ್ಕಿ ನಂದಲ್ಲ."

ಹುಚ್ಚ ಎಂದು ಬೈದು, ಹೊರಸು ಹೊತ್ತು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಅದೇ ನಮ್ಮ ಕಡೆಯ ಮಾತು.

ನಿನ್ನ ಮಣ್ಣಿಗೆ ಬಂದವನು ಮತ್ತೆ ಜೇವರ್ಗಿಗೆ ಹೋದದ್ದು ತಿಂಗಳ ಮೇಲೆ. ಈಗ ಶಾಲೆ ನಡೆಸುತ್ತಿರುವ ನಿನ್ನ ಮಗಳು ಶಾಂತಾ ಒಂದು ಕಾರ್ಡು ಕೊಟ್ಟಳು. ಟೀಚರಮ್ಮನದು. ಆಕೆಗೆ ನೀನು ಹೋದದ್ದು ಗೊತ್ತಿಲ್ಲ. "ದಾರಿ ಸಿಕ್ಕಿತೇ ಸರ್? ಇಲ್ಲವೆಂದರೆ ಇಲ್ಲವೆಂದೇ ಬರೆಯಿರಿ, ನೀವು ಹೇಳಿದರೆ ನಂಬುತ್ತೇವೆ."

"ಏನಂತ ಬರೀಲಿ ಕಾಕಾ?" ಅಂದಳು ಶಾಂತಾ.

"ಏನೂ ಬರೀಬ್ಯಾಡ. ನಿಮ್ಮಪ್ಪನ ಪ್ರೋಗ್ರಾಮಿನ ಚುಕ್ಕಿ ಪಟ್ಟಿ ಅಚ್ಚು ಹಾಕಿ ತಾ."

ಪಟ್ಟಿಯಲ್ಲಿ ಒಂದೊಂದು ಚುಕ್ಕಿಗೆ ಮೂರು ಅಂಕಿ: ಎಷ್ಟು ಉದ್ದಕ್ಕೆ, ಎಷ್ಟು ಅಗಲಕ್ಕೆ, ಎಷ್ಟು ಎತ್ತರಕ್ಕೆ. ಅಳತೆ ನನಗೆ ಯಾರೂ ಕಲಿಸಬೇಕಿಲ್ಲ. ನಿನ್ನ ಹೊರಸಿಗೆ ನುಲಿ ಬಿಗಿದು, ಹೆಣಿಗೆಯ ಕಣ್ಣುಗಳಲ್ಲಿ ಜೋಳದ ದಂಟು ನಿಲ್ಲಿಸಿದೆ. ಎತ್ತರಕ್ಕೆ ತಕ್ಕಂತೆ ಕತ್ತರಿಸಿ, ತುದಿಗೆ ಮಣ್ಣಿನ ಗುಂಡು. ಒಂದು ಜಿಗಿತದಷ್ಟು ದಾರ ತುಂಡು ಮಾಡಿಕೊಂಡು ಗುಂಡಿನಿಂದ ಗುಂಡಿಗೆ ಹಿಡಿದು ನೋಡಿದೆ. ಎಂಟು ದಿನ. ನಾಲ್ಕನೇ ಕಾಲಿನ ಕಡೆ ಹೋದಂತೆಲ್ಲ ದಾರ ಸಾಲಲಿಲ್ಲ. ಸಿಟ್ಟಿಗೆ ಎರಡು ದಂಟು ಮುರಿದೆ, ಮತ್ತೆ ನಾನೇ ನಿಲ್ಲಿಸಿದೆ.

ಒಂಬತ್ತನೇ ದಿನ ಮಗ್ಗುಲಲ್ಲಿ ಮತ್ತೊಬ್ಬರ ಹೊರಸು ಹೆಣೆಯುತ್ತಿದ್ದೆ. ನುಲಿ ಮುಂದೆ ಹೋಗಬೇಕಾದರೆ ಮೊದಲು ಚೌಕಟ್ಟಿನ ಕೆಳಗೆ ಹಾಯ್ದು ಹಿಂದಕ್ಕೆ ಬರಬೇಕು, ಆಮೇಲೇ ಮುಂದೆ. ಕೈ ಅಲ್ಲೇ ನಿಂತಿತು. ಎದ್ದು ಹೋಗಿ ದಾರವನ್ನು ಗುರಿಗೆ ಬೆನ್ನು ಮಾಡಿ ಹಿಡಿದೆ. ಎರಡು ಜಿಗಿತ ಹಿಂದಕ್ಕೆ, ಒಂದು ಕೆಳಕ್ಕೆ, ಅಲ್ಲಿಂದ ಸುತ್ತಿ ಮೇಲಕ್ಕೆ. ಒಂದೊಂದೇ ಗುಂಡಿಗೆ ದಾರ ಮುಟ್ಟುತ್ತಾ ಬಂತು, ಬಸವಂತ. ಕೊನೆಯದಕ್ಕೆ ಮುಟ್ಟಿದಾಗ ಅಲ್ಲೇ ಗಂಟು ಹಾಕಿದೆ.

ಜೇವರ್ಗಿಗೆ ಹೋಗಿ ಹೇಳಿದಾಗ ಶಾಂತಾ ಆ ಚುಕ್ಕಿಗಳನ್ನು ಕಂಪ್ಯೂಟರಿಗೆ ಹಾಕಿ ತಾಳೆ ನೋಡಿದಳು. "ಸಾಲ್ತದ ಕಾಕಾ. ಎಲ್ಲಾ ಸಾಲ್ತಾವ. ಅಪ್ಪನ ಪ್ರೋಗ್ರಾಮು ಯಾವಾಗಲೂ ಗುರಿಗಿ ಹತ್ರ ಆಗೋ ಚುಕ್ಕಿನೇ ಹುಡುಕ್ತಿತ್ತು. ಹಿಂದಕ ಹೋಗೋದು ಅದಕ್ಕ ಗೊತ್ತೇ ಇರಲಿಲ್ಲ." ನಿನಗೂ ಗೊತ್ತಿರಲಿಲ್ಲವಲ್ಲ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಆದರೆ ಬೈದು ಹೋದವನನ್ನು ಹೇಗೆ ಕೇಳುತ್ತಿದ್ದೆ...

ಪಟ್ಟಿಯಲ್ಲಿ ಒಂದು ಸಾಲು ಮೂರೂ ಸೊನ್ನೆ ಇತ್ತು. ಅಚ್ಚಿನ ತಪ್ಪೆಂದು ಬಿಟ್ಟಿದ್ದೆ. ಶಾಂತಾ ಹೇಳಿದಳು: "ಅದು ನಮ್ಮ ಸೂರ್ಯ, ಕಾಕಾ. ಅಪ್ಪ ಅಳತಿ ಸುರು ಮಾಡಿದ್ದೇ ಅಲ್ಲಿಂದ." ಮನೆಗೆ ಬಂದು ಲೆಕ್ಕ ಹಿಡಿದು ನೋಡಿದರೆ ಅದು ಹೊರಸಿನ ತಲೆದಿಂಬಿನ ಮೂಲೆ, ದಿನಾ ನಾನು ಕೂತು ದಂಟು ಕತ್ತರಿಸಿದ ಜಾಗ. ಅಲ್ಲಿಗೂ ಒಂದು ಗುಂಡು ಇಟ್ಟೆ. ಸಾಸಿವೆಯಷ್ಟು. ಆಮೇಲೆ ಅಲ್ಲಿ ಕೂಡದೆ ನೆಲದ ಮೇಲೆ ಕೂತೆ.

ಟೀಚರಮ್ಮನಿಗೆ ಶಾಂತಾಳ ಕೈಯಿಂದ ಎರಡೂ ಸುದ್ದಿ ಬರೆಸಿದೆ, ನೀನು ಹೋದದ್ದು, ದಾರಿ ಸಿಕ್ಕಿದ್ದು. ಆಕೆಯೂ ಗುಮಾಸ್ತನೂ ಆ ದಾರಿಯಲ್ಲೇ ಜಿಗಿಯುತ್ತಾ ಹೋಗಿ ಮುಟ್ಟಿದ್ದಾರೆಂದು ನಿನ್ನೆ ಕಾರ್ಡು ಬಂತು. ಔಷಧ ಇಳಿಸಿದರಂತೆ. ಇನ್ನು ತಿರುಗಿ ಬರಬೇಕಲ್ಲ, ಪಂಚ ಯಾರು ಎಂದು ಕೇಳಿದ್ದಾರೆ. ನಾನೇ ಎಂದು ಬರೆದೆ, ಈ ಸಲ ನನ್ನ ಕೈಯಾರೆ.

ಅವರು ಮನೆ ಮುಟ್ಟುವ ತನಕ ಹೊರಸು ನನ್ನಲ್ಲೇ ಇರಲಿ. ಬಂದು ಎಣಿಸಿ ನೋಡುವುದಾದರೆ ನೋಡು. ಸುಳ್ಳು ಚುಕ್ಕಿ ಒಂದೂ ಇಟ್ಟಿಲ್ಲ.

ನಿನ್ನ,
ಈರಣ್ಣ